ನೀರಿಗೆ ಏನೂ ಆಗಲ್ಲ

ಅಕ್ಕ ಅಂತ ಕರಿ ಎಂದವರು ಅವರೇ. ಸಿಂಗಪುರದಲ್ಲೇ ಹುಟ್ಟಿ ಬೆಳೆದ ನನಗೆ ಅಮ್ಮನ ವಯಸ್ಸಿನ ಆಸುಪಾಸಿನ ಹೆಂಗಸರೆಲ್ಲ ಆಂಟಿಯರೇ ಆಗಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಬೆಳಿಗ್ಗೆ ಆಫೀಸಿನ ಪ್ಯಾಂಟ್ರಿಯಲ್ಲಿ ನಿಂತು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದೆ. ಹಿಂದಿನಿಂದ ಯಾರೋ, "ಅಯ್ಯೋ, ನಮ್ಮವಳಾ ನೀನು?" ಅಂದರು. ತಿರುಗಿ ನೋಡಿದರೆ ನಮ್ಮ ವಿಭಾಗದ ಮುಖ್ಯಸ್ಥೆ. ಗಾಬರಿಯಲ್ಲಿ "ಹೌದು ಆಂಟಿ" ಅಂದುಬಿಟ್ಟೆ. ಅವರು ಇಡೀ ಪ್ಯಾಂಟ್ರಿಗೆ ಕೇಳುವ ಹಾಗೆ ನಕ್ಕರು.

"ಆಂಟಿ ಅಂದ್ರೆ ನಿನ್ನ ಪ್ರೊಬೇಷನ್ ಎಕ್ಸ್‌ಟೆಂಡ್ ಮಾಡ್ತೀನಿ. ಅಕ್ಕ ಅನ್ನು."

ನಮ್ಮ ಆಫೀಸು ದ್ವೀಪದ ಪಶ್ಚಿಮಕ್ಕೆ, ರೈಲು ನಿಲ್ಲುವ ಬೂನ್ ಲೇಯಿಂದ ಇನ್ನೂ ಆಚೆಗೆ, ಬಸ್ಸಿನಲ್ಲಿ ಹೋಗಬೇಕಾದ ಕಾರ್ಖಾನೆಗಳ ಸಾಲಿನಲ್ಲಿತ್ತು. ಹಿಂಭಾಗದ ಅಂಗಳದಲ್ಲಿ ಕೊರೆಯುವ ಕೊಳವೆಗಳನ್ನು ಪೇರಿಸಿಟ್ಟಿರುತ್ತಿದ್ದರು. ಜ್ವಾಲಾಮುಖಿಗಳ ಮೈಯಲ್ಲಿ ಆಳವಾದ ಬಾವಿ ಕೊರೆದು, ಒಳಗಿನ ಹಬೆಯನ್ನು ಮೇಲೆ ತಂದು, ಅದರಿಂದ ವಿದ್ಯುತ್ ತೆಗೆಯುವುದು ಕಂಪನಿಯ ಕೆಲಸ. ಸಿಂಗಪುರದಲ್ಲಿ ಬೆಟ್ಟ ಎನ್ನುವಂಥದ್ದೇ ಇಲ್ಲ, ಇನ್ನು ಜ್ವಾಲಾಮುಖಿಯ ಮಾತೆಲ್ಲಿ. ಬೆಟ್ಟ ಸುಮಾತ್ರಾದಲ್ಲಿತ್ತು. ನಾವು ಇಲ್ಲಿ ಏರ್‌ಕಂಡಿಷನ್ ರೂಮಿನಲ್ಲಿ ಕೂತು ಅದರ ನಕ್ಷೆ ನೋಡುತ್ತಿದ್ದೆವು.

ನಾನು ಇಂಜಿನಿಯರ್ ಅಲ್ಲ. ಓದಿದ್ದು ಭೂಗೋಳ. ನನ್ನನ್ನು ತೆಗೆದುಕೊಂಡದ್ದು ಮಲಯ ಭಾಷೆಗಾಗಿ. ಚಿಕ್ಕವಳಿದ್ದಾಗ ಅಪ್ಪ ಸೆಲೆಟಾರ್‌ನಲ್ಲಿ ವಿಮಾನದ ಎಂಜಿನ್ ರಿಪೇರಿಗೆ, ಅಮ್ಮ ಅಕೌಂಟ್ಸ್ ಕೆಲಸಕ್ಕೆ ಹೋದರೆ, ನನ್ನನ್ನು ನೋಡಿಕೊಳ್ಳುತ್ತಿದ್ದವರು ಕೆಳಗಿನ ಮಹಡಿಯ ಮಲಯ ಆಂಟಿ. ಶಾಲೆಯಲ್ಲಿ ಕನ್ನಡ ಇರಲಿಲ್ಲ, ಮಲಯ ಆರಿಸಿಕೊಂಡೆ. ಕನ್ನಡ ಓದುವುದು ಬರೆಯುವುದನ್ನು ಭಾನುವಾರಗಳಲ್ಲಿ ಊಟದ ಟೇಬಲ್ಲಿನ ಮೇಲೆ ಅಮ್ಮ ಕಲಿಸಿದಳು. ಸುಮಾತ್ರಾದ ಹಳ್ಳಿಯ ಜನ ಆಡುವ ಮಾತು ಮಲಯಕ್ಕೆ ತೀರಾ ಹತ್ತಿರ. ಕಂಪನಿಗೂ ಹಳ್ಳಿಗೂ ನಡುವೆ ಮಾತಾಡುವುದು ನನ್ನ ಕೆಲಸವಾಯಿತು.

ಅಕ್ಕ ಧಾರವಾಡದವರು. ಸಿಂಗಪುರದ ಇತರ ಕನ್ನಡದವರ ಜೊತೆ ಬೆಂಗಳೂರಿನ ಕನ್ನಡ ಆಡುತ್ತಿದ್ದರು. ತುಂಬಾ ಖುಷಿಯಾದಾಗ ಅಥವಾ ಸಿಟ್ಟು ಬಂದಾಗ ಮಾತ್ರ ಊರಿನ ಮಾತು ಹೊರಬರುತ್ತಿತ್ತು. ನನ್ನ ಜೊತೆ ಅದು ಆಗಾಗ ಬರುತ್ತಿತ್ತು, ಅದು ನನಗೆ ಹೆಮ್ಮೆ. ಒಂದು ಭಾನುವಾರ ನನ್ನನ್ನು ಸೆಂಬವಾಂಗ್‌ನ ಬಿಸಿನೀರಿನ ಬುಗ್ಗೆಗೆ ಕರೆದುಕೊಂಡು ಹೋದರು. ಸಿಂಗಪುರದವಳಾಗಿಯೂ ನಾನು ಅದನ್ನು ನೋಡಿರಲಿಲ್ಲ. ಅಜ್ಜ ಅಜ್ಜಿಯರು ಬಕೆಟ್ಟಿನಲ್ಲಿ ಕಾಲಿಳಿಸಿ ಕೂತಿದ್ದರು. ಅಕ್ಕ ನಲ್ಲಿಯ ಕೆಳಗೆ ಡಬ್ಬಿಯಲ್ಲಿ ಮೊಟ್ಟೆ ಇಟ್ಟು, ಭೂಮಿಯ ಬಿಸಿ ಹೇಗೆ ಮೇಲೇರುತ್ತದೆ, ನೀರು ಬಂಡೆಯ ಬಿರುಕಿನಲ್ಲಿ ಹೇಗೆ ಹರಿಯುತ್ತದೆ ಎಂದು ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದರು. ಕಾಲೇಜಿನ ಯಾವ ಮೇಷ್ಟ್ರೂ ನನಗೆ ಅಷ್ಟು ತಾಳ್ಮೆಯಿಂದ ಏನನ್ನೂ ಹೇಳಿರಲಿಲ್ಲ.

ಮೀಟಿಂಗುಗಳಲ್ಲಿ ಕನ್ನಡ ನಮ್ಮಿಬ್ಬರ ಗುಟ್ಟಿನ ಭಾಷೆಯಾಯಿತು. ಕೊರೆಯುವ ಕಂಪನಿಯವರು, ಹಣ ಹಾಕಿದವರು, ದೊಡ್ಡ ದೊಡ್ಡವರೆಲ್ಲ ಗಂಭೀರವಾಗಿ ಕೂತಿರುವಾಗ ಅಕ್ಕ ಮುಖದಲ್ಲಿ ಒಂದು ಗೆರೆಯೂ ಅಲುಗದ ಹಾಗೆ, "ಇವನಿಗೆ ಹೊಟ್ಟೆ ಹಸಿದಿದೆ, ಬೇಗ ಮುಗಿಸ್ತಾನೆ ನೋಡು" ಎನ್ನುತ್ತಿದ್ದರು. ನಾನು ನಗು ತಡೆಯಲಾಗದೆ ನೀರು ಕುಡಿಯುತ್ತಿದ್ದೆ. ಇಂಗ್ಲಿಷಿನಲ್ಲಿ ಜನ ಏನಾದರೂ ಹೇಳಬಹುದು, ಕನ್ನಡದಲ್ಲಿ ನಮ್ಮ ನಡುವೆ ಬರುವುದು ನಿಜ ಎಂಬ ನಂಬಿಕೆ ಯಾವಾಗ ನನ್ನಲ್ಲಿ ಕೂತಿತೋ ಗೊತ್ತಿಲ್ಲ.

ಬೆಟ್ಟವನ್ನು ನಾನು ಮೊದಲು ಕಂಡದ್ದು ಜೀಪಿನ ಕಿಟಕಿಯಿಂದ. ಅದಕ್ಕೂ ಮೊದಲು ಬಂದದ್ದು ವಾಸನೆ, ಕೊಳೆತ ಮೊಟ್ಟೆಯದು. ಕೋಸು, ಕ್ಯಾರೆಟ್ಟಿನ ಹೊಲಗಳ ಹಸಿರು ಒಂದು ತಿರುವಿನಲ್ಲಿ ಕತ್ತರಿಸಿದಂತೆ ನಿಂತು, ಅಲ್ಲಿಂದ ಮೇಲಕ್ಕೆ ಬೂದು ಬಣ್ಣದ ಬೋಳು ನೆಲ. ಬಿರುಕುಗಳಲ್ಲಿ ಹಬೆ ಏಳುತ್ತಿತ್ತು. ಬಿರುಕಿನ ಬಾಯಿಗೆ ಹಳದಿ ಗಂಧಕ ಹೆಪ್ಪುಗಟ್ಟಿತ್ತು. ಎಂದೋ ಸತ್ತ ಮರಗಳು ಬೆಳ್ಳಗೆ, ಕೊಂಬೆ ಸಮೇತ ಹಾಗೇ ನಿಂತಿದ್ದವು. ಶೂವಿನ ಅಟ್ಟೆ ದಾಟಿ ಬಿಸಿ ಪಾದಕ್ಕೆ ತಾಗುತ್ತಿತ್ತು.

"ಕೈ ಇಡು ಇಲ್ಲಿ," ಎಂದು ಅಕ್ಕ ನನ್ನ ಮಣಿಕಟ್ಟು ಹಿಡಿದು ನೆಲಕ್ಕೆ ಒತ್ತಿದರು. ಜ್ವರ ಬಂದವರ ಹಣೆ ಮುಟ್ಟಿದಂತಿತ್ತು. "ಇದು ಆರೋದೇ ಇಲ್ಲ. ಕಲ್ಲಿದ್ದಲು ಬೇಡ, ಗ್ಯಾಸ್ ಬೇಡ. ಇದನ್ನ ಬಿಟ್ಟು ಜನ ಹೊಗೆ ಕುಡೀತಾರಲ್ಲ."

ಆ ಮಾತನ್ನು ನಾನು ಅಂದೂ ನಂಬಿದೆ, ಈಗಲೂ ನಂಬುತ್ತೇನೆ.

ಮರುದಿನ ಬೆಳಗ್ಗೆ ಇಬ್ಬರೂ ಶಿಖರದ ಬಾಯಿಯವರೆಗೆ ಹತ್ತಿದೆವು. ಕೆಳಗೆ ಬಟ್ಟಲಿನಂಥ ಕುಳಿಯಲ್ಲಿ ಹಾಲು ಬೆರೆಸಿದ ಹಸಿರು ಬಣ್ಣದ ಕೆರೆ. ಗಾಳಿ ತಿರುಗಿದಾಗ ಗಂಧಕದ ಹೊಗೆ ಗಂಟಲಿಗೆ ಬಂದು ಕೆಮ್ಮಿದೆ. ಅಕ್ಕ ತಮ್ಮ ದುಪಟ್ಟಾವನ್ನು ನೀರಿನಲ್ಲಿ ನೆನೆಸಿ ನನ್ನ ಮೂಗಿಗೆ ಕಟ್ಟಿದರು. ಇಳಿಯುವಾಗ ಜಲ್ಲಿಯಲ್ಲಿ ಕಾಲು ಜಾರದಂತೆ ಉದ್ದಕ್ಕೂ ಕೈ ಹಿಡಿದಿದ್ದರು. ನನಗೆ ಒಡಹುಟ್ಟಿದವರಿಲ್ಲ. ಇದ್ದಿದ್ದರೆ ಹೀಗೇ ಇರುತ್ತಿತ್ತೇನೋ ಅಂದುಕೊಂಡೆ.

ಬೆಟ್ಟದ ಕೆಳಗಿನ ಹಳ್ಳಿಯಲ್ಲಿ ಬಿಸಿನೀರಿನ ಕೊಳವೊಂದಿತ್ತು. ಬಂಡೆಯ ಸಂದಿನಿಂದ ಬಂದ ನೀರು ಎರಡು ತೊಟ್ಟಿಗಳಲ್ಲಿ ತುಂಬುತ್ತಿತ್ತು, ಒಂದು ಗಂಡಸರಿಗೆ, ಬಿದಿರಿನ ತಟ್ಟಿ ಕಟ್ಟಿದ್ದು ಹೆಂಗಸರಿಗೆ. ಹೊಲದ ಕೆಲಸ ಮುಗಿಸಿದ ಹೆಂಗಸರು ಸಂಜೆ ಅಲ್ಲಿ ಸೇರುತ್ತಿದ್ದರು. ದಾರಿಯ ಪಕ್ಕದಲ್ಲಿ ಒಬ್ಬ ಹೆಂಗಸಿನ ಅಂಗಡಿ: ನೂಡಲ್ಸು, ಕಾಫಿ, ಬುಗ್ಗೆಯ ನೀರಿನಲ್ಲೇ ಬೇಯಿಸಿದ ಮೊಟ್ಟೆ, ಜೋಳ. ಊರವರೆಲ್ಲ ಅವರನ್ನು ಇಬು ಅನ್ನುತ್ತಿದ್ದರು, ಅಂದರೆ ಅಮ್ಮ. ನಾನೂ ಹಾಗೇ ಕರೆದೆ. ಐವತ್ತರ ಸುಮಾರಿನ, ದಪ್ಪ ಧ್ವನಿಯ, ಯಾರನ್ನೂ ಬೈಯದೆ ಬಿಡದ ಹೆಂಗಸು. ನನ್ನ ಮಲಯ ಕೇಳಿ, "ಇವಳು ಟೀವಿ ವಾರ್ತೆಯವರ ಹಾಗೆ ಮಾತಾಡ್ತಾಳೆ" ಎಂದು ನಗಾಡಿದರು. ಎರಡನೆಯ ಭೇಟಿಯ ಹೊತ್ತಿಗೆ ನಾನೂ ಲುಂಗಿಯಂಥ ಸರೋಂಗು ಉಟ್ಟು ಆ ಹೆಂಗಸರ ನಡುವೆ ಕುತ್ತಿಗೆವರೆಗೆ ನೀರಿನಲ್ಲಿ ಕೂತಿದ್ದೆ.

ಇಬುವಿನ ಮಗಳಿಗೆ ಆಗಷ್ಟೇ ಮದುವೆಯಾಗಿತ್ತು. ನಾಳೆ ಅವಳ ಹೆರಿಗೆಯಾದ ಮೇಲೆ ನಲವತ್ತು ದಿನ ಬಾಣಂತಿಗೆ ಈ ನೀರೇ ಎರೆಯುವುದು, ತನಗೂ ತನ್ನಮ್ಮ ಹೀಗೇ ಎರೆದಿದ್ದಳು ಎಂದು ಇಬು ಹೇಳಿದರು. ನಾನು ಹುಟ್ಟಿದಾಗ ಅಜ್ಜಿ ಮೈಸೂರಿನಿಂದ ಬಂದು, ಫ್ಲ್ಯಾಟಿನ ಸಣ್ಣ ಬಚ್ಚಲಿನಲ್ಲಿ ಗೀಸರ್ ನೀರು ಸಾಲದೆ ಪಾತ್ರೆಗಟ್ಟಲೆ ಕಾಯಿಸಿ ಅಮ್ಮನಿಗೆ ಎರೆದಿದ್ದ ಕಥೆಯನ್ನು ನಾನು ಹೇಳಿದೆ. ಹೆಂಗಸರೆಲ್ಲ ತಲೆದೂಗಿದರು. "ಪಾಪ, ಸಿಂಗಪುರದಲ್ಲಿ ನೀರನ್ನ ಕಾಯಿಸಬೇಕಾ?" ಎಂದು ಒಬ್ಬಾಕೆ ಕೇಳಿದಳು.

ಊರಿನ ಸಭೆ ನಡೆದದ್ದು ಮುಂದಿನ ಸಲ. ಹೊಸ ಬಾವಿಯ ಜಾಗ ಕೊಳದಿಂದ ಮೇಲಕ್ಕೆ, ನಡೆದು ಹೋಗುವಷ್ಟು ದೂರದಲ್ಲಿ ಗೊತ್ತಾಗಿತ್ತು. ಸಭಾಮನೆಯ ಚಾಪೆಯ ಮೇಲೆ ಊರವರು, ಎದುರಿಗೆ ಕುರ್ಚಿಗಳಲ್ಲಿ ನಾವು. ರಸ್ತೆಯ ಬಗ್ಗೆ ಕೇಳಿದರು, ಸದ್ದಿನ ಬಗ್ಗೆ, ಕೆಲಸ ಸಿಗುವುದರ ಬಗ್ಗೆ. ಕೊನೆಗೆ ಇಬು ಎದ್ದು ನಿಂತರು.

"ಬಾವಿ ತೋಡಿದರೆ ನಮ್ಮ ಕೊಳದ ನೀರು ಹೋಗುತ್ತದೆಯೇ?"

ನಾನು ಅಕ್ಕನ ಕಡೆ ತಿರುಗಿ ಕನ್ನಡದಲ್ಲೇ ಕೇಳಿದೆ. ಅಕ್ಕ ಒಂದು ಕ್ಷಣವೂ ಯೋಚಿಸಲಿಲ್ಲ.

"ನೀರಿಗೆ ಏನೂ ಆಗಲ್ಲ ಅಂತ ಹೇಳು. ಅವರದ್ದು ಮೇಲಿನ ನೀರು, ನಮ್ಮದು ತುಂಬಾ ಆಳದ್ದು. ಎರಡಕ್ಕೂ ಸಂಬಂಧ ಇಲ್ಲ."

"ಶೂರ್ ಆ ಅಕ್ಕ?"

"ನೂರಕ್ಕೆ ನೂರು. ಹೇಳು."

ಸೆಂಬವಾಂಗ್‌ನಲ್ಲಿ ಕಲಿತದ್ದನ್ನೂ ಸೇರಿಸಿ ನಾನು ವಿವರಿಸಿದೆ. ಮೇಲಿನ ನೀರು, ಕೆಳಗಿನ ನೀರು, ನಡುವೆ ಜೇಡಿಮಣ್ಣಿನ ಪದರ. ಕೈಯನ್ನು ಒಂದರ ಮೇಲೊಂದು ಇಟ್ಟು ತೋರಿಸಿದೆ. ಇಬು ಕೂರಲಿಲ್ಲ.

"ಕಂಪನಿ ಹೇಳುವುದು ಗೊತ್ತಾಯಿತು. ನೀನು ಏನು ಹೇಳುತ್ತೀಯಾ? ನೀನೂ ಆ ನೀರಿನಲ್ಲಿ ಕೂತವಳು."

"ನಾನೂ ಅದನ್ನೇ ಹೇಳುತ್ತೇನೆ ಇಬು. ನೀರಿಗೆ ಏನೂ ಆಗುವುದಿಲ್ಲ."

ಆಗ ಅವರು ಊರವರ ಕಡೆ ತಿರುಗಿ, "ಈ ಹುಡುಗಿ ಹೇಳಿದರೆ ಸಾಕು" ಎಂದು ಕೂತರು. ಊರಿನ ಮುಖ್ಯಸ್ಥ ಟೀ ತರಿಸಿದ. ಹೊರಗೆ ಬಂದಾಗ ಅಕ್ಕ ನನ್ನ ಬೆನ್ನು ತಟ್ಟಿ, "ಭಾರಿ ಹೇಳಿದಿ ನೋಡು" ಅಂದರು. ಧಾರವಾಡದ ಮಾತು. ನಾನು ಉಬ್ಬಿಹೋದೆ.

ಬಾವಿ ಕೊರೆಯಲು ತಿಂಗಳುಗಳೇ ಹಿಡಿದವು. ಕಲ್ಲಿನ ಪುಡಿಯನ್ನು ತಟ್ಟೆಯಲ್ಲಿ ತೊಳೆದು ನೋಡುವ ಭೂವಿಜ್ಞಾನಿಗಳು, ಎಣ್ಣೆ ಮೆತ್ತಿದ ಬಟ್ಟೆಯ ಕೆಲಸಗಾರರು, ಹಗಲೂ ರಾತ್ರಿ ಗುಡುಗುಡು ಎನ್ನುವ ಯಂತ್ರ. ಕೊನೆಗೊಂದು ಮಧ್ಯಾಹ್ನ ಬಾವಿಯನ್ನು ತೆರೆದರು. ಮೊದಲು ಕೆಸರು, ಕಲ್ಲು, ಆಮೇಲೆ ಒಮ್ಮೆಲೇ ಬೆಳ್ಳನೆಯ ಹಬೆಯ ಕಂಬ ಬೆಟ್ಟದೆತ್ತರಕ್ಕೆ ಎದ್ದಿತು. ಕಿವಿಗೆ ಮುಚ್ಚಳ ಹಾಕಿದ್ದರೂ ಎದೆಯ ಗೂಡು ಅದುರುತ್ತಿತ್ತು. ಅಕ್ಕ ಹೆಲ್ಮೆಟ್ಟು ಕಿತ್ತೆಸೆದು ನನ್ನನ್ನು ತಬ್ಬಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ದೂರದಲ್ಲಿ ಹಳ್ಳಿಯ ಮಕ್ಕಳು ಬೇಲಿ ಹಿಡಿದು ಕುಣಿಯುತ್ತಿದ್ದರು.

ಇಬುವಿನ ಮೊದಲ ವಾಯ್ಸ್ ಮೆಸೇಜು ಬಂದಾಗ ನಾನು ನಮ್ಮ ಮನೆಯಿರುವ ಪುಂಗೋಲ್‌ನಲ್ಲಿ ಕಾಲುವೆ ಪಕ್ಕ ನಡೆಯುತ್ತಿದ್ದೆ. ವಿದ್ಯುತ್ ಸ್ಥಾವರ ಓಡಲು ಶುರುವಾಗಿ ಸ್ವಲ್ಪ ಕಾಲವಾಗಿತ್ತು. ಮಗಳ ಹೆರಿಗೆಯಾಗಿದೆ, ಹೆಣ್ಣು ಮಗು. ಹಾಗೇ, ನೀರು ಮೊದಲಿನಷ್ಟು ಬಿಸಿ ಇಲ್ಲ, ಯಾಕೆ ಕೇಳು. ಮರುದಿನ ಅಕ್ಕನನ್ನು ಕೇಳಿದೆ.

"ಸೀಸನಲ್. ಮಳೆ ನೀರು ಮಿಕ್ಸ್ ಆಗಿರುತ್ತೆ. ಹೇಳು ಅವರಿಗೆ."

ಹೇಳಿದೆ. ಎರಡೇ ವಾರಕ್ಕೆ ಬಂದ ಮುಂದಿನ ಮೆಸೇಜಿನಲ್ಲಿ ಕೊಳದ ವಿಡಿಯೋ ಇತ್ತು. ನೀರು ಕಲ್ಲಿನ ಮೇಲಿನ ಪಾಚಿಯ ಗೆರೆಗಿಂತ ಎಷ್ಟೋ ಕೆಳಗಿತ್ತು. ಈಗ ಬೇಸಿಗೆ, ಮಳೆ ಬಂದರೆ ಸರಿಹೋಗುತ್ತದೆ ಎಂದರು ಅಕ್ಕ. ಅದನ್ನೂ ಹೇಳಿದೆ. ಒಂದೇ ಮಳೆ ನೀರನ್ನು ತಣ್ಣಗೂ ಮಾಡಿ, ಅದೇ ಮಳೆಯಿಲ್ಲದೆ ನೀರು ಇಳಿದೂ ಹೋಗುವುದು ಹೇಗೆ ಎಂದು ನನಗೆ ಹೊಳೆಯಲೇ ಇಲ್ಲ. ಅಕ್ಕ ಹೇಳಿದರೆ ಅದು ಮುಗಿದ ಮಾತು. ಮಳೆಗಾಲ ಬಂದು ಹೋಯಿತು. ಆಮೇಲಿನ ವಿಡಿಯೋದಲ್ಲಿ ತೊಟ್ಟಿಯ ತಳದಲ್ಲಿ ಎಲೆಗಳು ಬಿದ್ದಿದ್ದವು.

ಆ ಶನಿವಾರ ಅಕ್ಕ ಊಟಕ್ಕೆ ಕರೆದಿದ್ದರು. ಅವರ ಶಿಫಾರಸಿನಿಂದ ನನಗೆ ಬಡ್ತಿಯಾಗಿತ್ತು, ಅದರ ಖುಷಿಗೆ. ಬೂನ್ ಲೇ ಹತ್ತಿರದ ಅವರ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಅವರು ಜೋಳದ ರೊಟ್ಟಿ ತಟ್ಟುತ್ತಿದ್ದರು, ನಾನು ಕಟ್ಟೆಗೆ ಒರಗಿ ನಿಂತಿದ್ದೆ. ಎಣಗಾಯಿಯ ಘಮ ತುಂಬಿತ್ತು.

"ಅಕ್ಕ, ಕೊಳ ಪೂರ್ತಿ ಒಣಗಿದೆ. ನಮ್ಮ ಟೀಮ್ ಕಳಿಸಿ ಒಂದ್ಸಲ ಚೆಕ್ ಮಾಡಿಸ್ಬಹುದಾ?"

"ಚೆಕ್ ಮಾಡೋಕೆ ಏನಿದೆ? ಇದು ಹಿಂಗೇ ಆಗುತ್ತೆ ಅಂತ ಗೊತ್ತಿತ್ತಲ್ಲ."

"ಯಾರಿಗೆ?"

"ನಮಗೆ. ಈಗ ನೀನೂ ಸೀನಿಯರ್ ಆದೆ, ನಿಂಗೂ ಗೊತ್ತಿರ್ಲಿ." ರೊಟ್ಟಿಯನ್ನು ತಿರುಗಿಸಿ ಹಾಕಿದರು. "ನೀನು ಸೇರೋಕೆ ಮುಂಚೆ, ಪರೀಕ್ಷೆಗಂತ ಅಲ್ಲೇ ಕೊರೆದಿದ್ದ ಹಳೇ ಬಾವಿಗೆ ಬಣ್ಣ ಬಿಟ್ಟು ಟೆಸ್ಟ್ ಮಾಡಿದ್ವಿ. ಸ್ವಲ್ಪ ದಿನಕ್ಕೆ ಆ ಕೊಳದಲ್ಲಿ ಬಂತು. ಎರಡೂ ಒಂದೇ ನೀರು. ನಾವು ಕೆಳಗೆ ಎಳೆದ್ರೆ ಅಲ್ಲಿ ಇಳಿಯುತ್ತೆ."

ನಾನು ಕಟ್ಟೆ ಬಿಟ್ಟು ನೆಟ್ಟಗೆ ನಿಂತೆ.

"ಮೀಟಿಂಗಿನ ದಿನ ನೀವು ನೂರಕ್ಕೆ ನೂರು ಅಂದ್ರಿ."

"ಹೂಂ, ಅಂದೆ."

"ನಂಗೆ ಯಾಕೆ ಹೇಳ್ಲಿಲ್ಲ?"

ಅವರು ಹಿಟ್ಟಿನ ಕೈಯನ್ನು ಒರೆಸಿಕೊಂಡು ನನ್ನ ಕಡೆ ತಿರುಗಿದರು. ಮುಖದಲ್ಲಿ ಅಳುಕಿರಲಿಲ್ಲ, ಪ್ರೀತಿಯೇ ಇತ್ತು. "ಹೇಳಿದ್ರ ನೀ ಅವ್ರಿಗೆ ಹಂಗ ಹೇಳ್ತಿದ್ದೆಯೇನ? ನಿನಗ ಸುಳ್ಳು ಹೇಳಾಕ ಬರೂದಿಲ್ಲ. ನಿನ್ನ ಮಾರಿ ನೋಡಿದ್ರ ಎಲ್ಲಾ ಗೊತ್ತಾಗ್ತದ. ಅದಕ್ಕ ಹೇಳಲಿಲ್ಲ. ಅಷ್ಟ." ಎಂದು ನನ್ನ ಕೆನ್ನೆ ತಟ್ಟಿ, ಬಿಸಿ ರೊಟ್ಟಿಯನ್ನು ತಟ್ಟೆಗೆ ಹಾಕಿದರು. "ತಿನ್ನು, ಆರ್ತದ."

ನಾನು ತಿಂದೆ. ಯಾಕೆ ತಿಂದೆನೋ ಇವತ್ತಿಗೂ ಗೊತ್ತಿಲ್ಲ. ತಟ್ಟೆ ಎದುರಿಗಿತ್ತು, ಅವರು ಬಡಿಸುತ್ತಿದ್ದರು, ಕೈ ತನ್ನ ಪಾಡಿಗೆ ಮುರಿದು ಬಾಯಿಗೆ ಇಡುತ್ತಿತ್ತು. ಅವರ ಗಂಡ ಬಂದು ಬಡ್ತಿಗೆ ಕಂಗ್ರಾಟ್ಸ್ ಹೇಳಿದರು. ನಾನು ಥ್ಯಾಂಕ್ಸ್ ಅಂದೆ. ಹೊರಟಾಗ ಅಕ್ಕ ಡಬ್ಬಿಯಲ್ಲಿ ಶೇಂಗಾ ಚಟ್ನಿ ಕಟ್ಟಿಕೊಟ್ಟರು.

ಬೂನ್ ಲೇಯಿಂದ ಪುಂಗೋಲ್ ಅಂದರೆ ದ್ವೀಪದ ಒಂದು ಕಡೆಯಿಂದ ಇನ್ನೊಂದು ಕಡೆ. ಎಂಆರ್‌ಟಿ ರೈಲಿನಲ್ಲಿ ಕೂತ ಮೇಲೆ ಒಂದೊಂದೇ ನೆನಪಾಗತೊಡಗಿತು. ಸೆಂಬವಾಂಗ್‌ನ ನೆಲದ ಮೇಲೆ ಕಡ್ಡಿಯಿಂದ ಎಳೆದ ಗೆರೆಗಳು, ಶಿಖರದಿಂದ ಇಳಿಯುವಾಗ ಹಿಡಿದ ಕೈ, ಸಭೆಯ ನಂತರ ಬೆನ್ನು ತಟ್ಟಿದ್ದು. ಇವುಗಳಲ್ಲಿ ಯಾವುದು ನಿಜವಾದ ಪ್ರೀತಿ, ಯಾವುದು ನನ್ನನ್ನು ಹದಗೊಳಿಸಿದ್ದು? ಬೇರ್ಪಡಿಸಿ ನೋಡಲು ಆಗಲಿಲ್ಲ. ಎಲ್ಲವೂ ಸುಳ್ಳಾಗಿದ್ದರೆ ಸುಲಭವಿತ್ತು. ಅವರಿಗೆ ನಾನು ಇಷ್ಟವೇ ಆಗಿದ್ದೆ. ನನ್ನ ಯಾವ ಗುಣ ಇಷ್ಟವಾಗಿತ್ತೋ ಅದನ್ನೇ ಅವರು ಉಪಯೋಗಿಸಿಕೊಂಡಿದ್ದರು.

ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಅಪ್ಪ ಟೀವಿ ಆರಿಸಿ ಕೇಳಿದರು.

"ನೋಡು, ಎಂಜಿನ್ ಮೇಲೆ ನಾವು ಕೆಲಸ ಮಾಡುವಾಗ ಪಕ್ಕದವನು ಟೈಟ್ ಮಾಡಿದೀನಿ ಅಂದ್ರೆ ನಂಬ್ತೀವಿ. ನಂಬದೆ ಹೋದ್ರೆ ಒಂದು ಪ್ಲೇನೂ ಮೇಲೇರಲ್ಲ. ನಂಬಿದ್ದು ನಿನ್ನ ತಪ್ಪಲ್ಲ, ಮಗಳೇ."

ಅಮ್ಮ ಮಾತ್ರ ಬೇರೆಯದೇ ಕೇಳಿದಳು. "ಆ ಬಾಣಂತಿಗೆ ಮತ್ತೆ ಎಲ್ಲಿಂದ ನೀರು ಎರೆದ್ರು?"

ಅದನ್ನು ಇಬುವಿನ ಹತ್ತಿರ ಕೇಳಲು ನನಗೆ ಧೈರ್ಯ ಬಂದಿರಲಿಲ್ಲ.

ಸೋಮವಾರ ನಿರ್ದೇಶಕರ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಒಳಗೆ ಹೋದರೆ ಅಕ್ಕನೂ ಕೂತಿದ್ದರು. ಅಪಾಯಿಂಟ್‌ಮೆಂಟ್ ಕೇಳುವಾಗ ನಾನು ತಿಳಿಸಿದ್ದ ವಿಷಯ ನೋಡಿ ನಿರ್ದೇಶಕರು ಅವರನ್ನು ಕರೆಸಿದ್ದರು. ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ನಿರ್ದೇಶಕರು ಅಕ್ಕನ ಕಡೆ ನೋಡಿದರು. ಅಕ್ಕ ಇಂಗ್ಲಿಷಿನಲ್ಲಿ, ತುಂಬಾ ಮೆತ್ತಗೆ ಮಾತಾಡಿದರು.

"ಇದು ಅವಳ ಮೊದಲ ಪ್ರಾಜೆಕ್ಟ್. ಜನರನ್ನು ಬೇಗ ಹಚ್ಚಿಕೊಳ್ಳುತ್ತಾಳೆ. ನಾನು ಹೇಳಿದ್ದು ದೊಡ್ಡ ಪರಿಣಾಮದ ನಿರೀಕ್ಷೆ ಇಲ್ಲ ಅಂತ ಅಷ್ಟೇ. ಮಲಯದಲ್ಲಿ ಹೇಳುವಾಗ ಅದು ಭರವಸೆಯ ಹಾಗೆ ಆಗಿರಬಹುದು. ಅನುವಾದದಲ್ಲಿ ಹೀಗಾಗುತ್ತೆ."

ನಾನು ಅವರನ್ನೇ ನೋಡಿದೆ. ಆ ದಿನ ಸಭಾಮನೆಯಲ್ಲಿ ಕಂಪನಿಯ ಬೇರೆಯವರೂ ಇದ್ದರು, ಊರು ಪೂರ್ತಿ ಇತ್ತು. ಆದರೆ ಅಕ್ಕ ಹೇಳಿದ್ದನ್ನು ಅರ್ಥಮಾಡಿಕೊಳ್ಳಬಲ್ಲವಳು ಇಡೀ ಬೆಟ್ಟದಲ್ಲಿ ನಾನೊಬ್ಬಳೇ ಆಗಿದ್ದೆ. ಕನ್ನಡದಲ್ಲಿ ಆಡಿದ ಮಾತಿಗೆ ಸಾಕ್ಷಿಯೇ ಇರಲಿಲ್ಲ.

"ನೂರಕ್ಕೆ ನೂರು ಅಂದಿದ್ರಿ ಅಕ್ಕ," ಎಂದೆ. ಕನ್ನಡದಲ್ಲಿ.

"ಇಂಗ್ಲಿಷ್ ಪ್ಲೀಸ್," ಎಂದರು ಅಕ್ಕ.

ಆ ವಾರವೇ ರಾಜೀನಾಮೆ ಕೊಟ್ಟೆ. ನನ್ನ ಖರ್ಚಿನಲ್ಲಿ ವಿಮಾನ ಹತ್ತಿ, ಬಾಡಿಗೆ ಜೀಪಿನಲ್ಲಿ ಹಳ್ಳಿಗೆ ಹೋದೆ. ಮೊದಲು ಹೋಗಿ ನೋಡಿದ್ದು ಕೊಳವನ್ನು. ಬಿದಿರಿನ ತಟ್ಟಿ ಒಂದು ಕಡೆ ಕುಸಿದಿತ್ತು. ತೊಟ್ಟಿಯ ಗೋಡೆಯಲ್ಲಿ ಬಿಳಿಯ ಪೊರೆ ಒಣಗಿ ಬಿರಿದಿತ್ತು. ಮೇಲೆ ಬೆಟ್ಟದ ಮಗ್ಗುಲಲ್ಲಿ ನಮ್ಮ ಬಾವಿಯ ಹಬೆ ಚೆನ್ನಾಗಿಯೇ ಏಳುತ್ತಿತ್ತು.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಇಬು ನನ್ನನ್ನು ನೋಡಿ ಎದ್ದು ನಿಲ್ಲಲೂ ಇಲ್ಲ, ಕೂರು ಎನ್ನಲೂ ಇಲ್ಲ. ನಿಂತೇ ಹೇಳಿದೆ. ಕಂಪನಿಗೆ ಮೊದಲೇ ಗೊತ್ತಿತ್ತು, ಎರಡೂ ಒಂದೇ ನೀರು, ನನ್ನಿಂದ ಮುಚ್ಚಿಟ್ಟಿದ್ದರು. ಅವರು ಪೂರ್ತಿ ಕೇಳಿದರು.

"ನಿನಗೆ ಗೊತ್ತಿರಲಿಲ್ಲ ಅಂತ ನಾನು ನಂಬುತ್ತೇನೆ," ಎಂದರು ಕೊನೆಗೆ. "ನನ್ನ ಕಥೆ ಕೇಳು. ಅವತ್ತು ಬೇಡ ಅಂತ ಕೂತವರು ಬಹಳ ಜನ ಇದ್ದರು. ನಾನು ಮನೆಮನೆಗೆ ಹೋಗಿ, ಆ ಹುಡುಗಿ ಸುಳ್ಳು ಹೇಳುವವಳಲ್ಲ ಅಂದೆ. ಈಗ ಅವರು ನನ್ನ ಅಂಗಡಿಗೆ ಬರುವುದಿಲ್ಲ. ಕಂಪನಿಯಿಂದ ನಾನು ಏನೋ ತಿಂದೆ ಅನ್ನುತ್ತಾರೆ."

ನಾನು ಕೇಳಿದೆ, "ಊರವರ ಎದುರಿಗೆ ಬಂದು ಹೇಳಲೇ?"

"ಹೇಳು. ಆಮೇಲೆ ಹೊರಟುಹೋಗು."

ಅದೇ ಸಂಜೆ ಮುಖ್ಯಸ್ಥ ಜನರನ್ನು ಸೇರಿಸಿದ. ಈ ಸಲ ಕುರ್ಚಿಗಳಿರಲಿಲ್ಲ. ಕಂಪನಿಗೆ ಏನು ತಿಳಿದಿತ್ತು, ಯಾವ ಪರೀಕ್ಷೆ ಮಾಡಿತ್ತು, ನನಗೆ ಏನು ಹೇಳಿದ್ದರು, ಇಬುವಿಗೆ ಯಾರೂ ಏನೂ ಕೊಟ್ಟಿಲ್ಲ ಎಂದೆಲ್ಲ ಹೇಳಿದೆ. ಕೆಲವರು ಕೂಗಾಡಿದರು. ಒಬ್ಬ ಮುದುಕ ಅರ್ಧದಲ್ಲಿ ಎದ್ದು ಹೋದ. ಮುಗಿದ ಮೇಲೆ ಇಬುವಿನ ಮಗಳು ಬಾಗಿಲ ಬಳಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಬಾಣಂತನ ಹೇಗಾಯಿತು ಎಂದು ಕೇಳಿದೆ. "ಸೌದೆ ಉರಿಸಿ ಕಾಯಿಸಿದೆವು," ಎಂದಳು. ಮಗುವನ್ನು ನನ್ನ ಕಡೆ ಚಾಚಲಿಲ್ಲ. ನಾನೂ ಕೈ ಚಾಚಲಿಲ್ಲ.

ಊರವರು ಜಿಲ್ಲಾ ಕಚೇರಿಯವರೆಗೆ ಹೋದರು. ಸುದ್ದಿ ಅಲ್ಲಿನ ಪತ್ರಿಕೆಯಲ್ಲಿ ಬಂತು. ಕೊನೆಗೆ ಕಂಪನಿ ಸ್ಥಾವರದಿಂದ ಬಿಸಿನೀರಿನ ಪೈಪು ಎಳೆದು, ಸಿಮೆಂಟಿನ ತೊಟ್ಟಿ ಕಟ್ಟಿಸಿ, ನಲ್ಲಿ ಹಾಕಿಸಿತು. ಈ ವಿಷಯ ಗೊತ್ತಾದದ್ದು ಊರಿನ ಮುಖ್ಯಸ್ಥನಿಂದ. ಹೆಂಗಸರು ಅಲ್ಲಿಗೆ ಬಟ್ಟೆ ಒಗೆಯಲು ಹೋಗುತ್ತಾರಂತೆ, ಮೀಯಲು ಹೋಗುವುದಿಲ್ಲವಂತೆ. ಸುತ್ತ ಗೋಡೆ ಇಲ್ಲ, ಪಕ್ಕದಲ್ಲೇ ರಸ್ತೆ. ಇಬು ನನಗೆ ಮತ್ತೆ ಯಾವ ಮೆಸೇಜನ್ನೂ ಕಳಿಸಲಿಲ್ಲ. ಅಂಗಡಿ ಮತ್ತೆ ನಡೆಯುತ್ತಿದೆ ಎಂದು ಮುಖ್ಯಸ್ಥನೇ ಹೇಳಿದ. ಅಷ್ಟು ಕೇಳಿದ ದಿನ ಬಹಳ ಕಾಲದ ನಂತರ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಅಕ್ಕನನ್ನು ಆಮೇಲೆ ಒಮ್ಮೆ ನೋಡಿದ್ದು ಪರಿಚಯದವರ ಮನೆಯ ನಾಮಕರಣದಲ್ಲಿ. ಅವರೇ ಹತ್ತಿರ ಬಂದರು. ತೆಳ್ಳಗಾಗಿದ್ದರು.

"ಆ ಪೈಪ್ ಹಾಕಿಸಿದ್ದು ನಾನೇ, ಗೊತ್ತಾ? ಎಲ್ಲರ ಜೊತೆ ಜಗಳ ಆಡಿ."

"ಒಳ್ಳೇದಾಯ್ತು," ಎಂದೆ. ನಿಜವಾಗಿಯೂ ಒಳ್ಳೆಯದೇ ಆಗಿತ್ತು.

"ಅಷ್ಟು ಮನೆಗೆ ಲೈಟ್ ಬಂತು. ಒಂದು ಕೊಳಕ್ಕೋಸ್ಕರ ಅದನ್ನ ನಿಲ್ಲಿಸ್ಬೇಕಿತ್ತಾ? ನೀನೇ ಹೇಳು."

"ನಿಲ್ಲಿಸ್ಬೇಕಿತ್ತು ಅಂತ ನಾನು ಯಾವತ್ತೂ ಹೇಳ್ಲಿಲ್ಲ. ಅವರಿಗೆ ನಿಜ ಹೇಳಿ ಕೇಳ್ಬೇಕಿತ್ತು. ಮೊದಲೇ ಪೈಪ್ ಹಾಕ್ತೀವಿ ಅಂದಿದ್ರೆ ಒಪ್ತಿದ್ರೇನೋ."

"ಒಪ್ಪದೆ ಹೋಗಿದ್ರೆ?"

ಅವರ ದನಿ ಇಳಿಯಿತು. "ಮನಿಗೆ ಬಾ ಒಮ್ಮೆ. ನೀ ನನಗ ತಂಗಿ ಇದ್ದಂಗ."

"ಬರಲ್ಲ," ಎಂದೆ. ಅವರು ಸ್ವಲ್ಪ ಹೊತ್ತು ಕಾದರು. ಯಾರೋ ಊಟಕ್ಕೆ ಕರೆದರು, ಅಕ್ಕ ಹೋದರು.

ಕೆಲವು ತಿಂಗಳ ಹಿಂದೆ ಹಳೆಯ ಸಹೋದ್ಯೋಗಿಯೊಬ್ಬರು ಹೇಳಿದರು, ಅಕ್ಕ ಈಗ ಫಿಲಿಪೀನ್ಸ್‌ನ ಒಂದು ಬೆಟ್ಟದ ಪ್ರಾಜೆಕ್ಟು ನೋಡುತ್ತಿದ್ದಾರೆ, ಜೊತೆಗೆ ಹೊಸದಾಗಿ ಸೇರಿದ ಒಬ್ಬ ಹುಡುಗಿ. ಅವಳ ತಾಯಿ ಆ ಕಡೆಯವರು, ಅಲ್ಲಿನ ಮಾತು ಚೆನ್ನಾಗಿ ಬರುತ್ತದೆ. ನಾನು ಎರಡು ದಿನ ಯೋಚಿಸಿ ಅವಳ ನಂಬರು ತೆಗೆದುಕೊಂಡೆ. ಬೂನ್ ಲೇ ಬಸ್ ನಿಲ್ದಾಣದ ಪಕ್ಕದ ಕಾಫಿ ಅಂಗಡಿಯಲ್ಲಿ ಸಿಕ್ಕಳು. ಇಪ್ಪತ್ತನಾಲ್ಕೋ ಇಪ್ಪತ್ತೈದೋ ಇರಬಹುದು. ಹೆಗಲ ಚೀಲಕ್ಕೆ ಸೈಟಿನ ಹೆಲ್ಮೆಟ್ಟು ಕಟ್ಟಿಕೊಂಡಿದ್ದಳು.

ನಾನು ಎಲ್ಲವನ್ನೂ ಹೇಳಿದೆ. ಅವಳು ಮರ್ಯಾದೆಯಿಂದ ಕೇಳಿದಳು. ಐಸ್ ಕರಗುವವರೆಗೆ ಲೋಟವನ್ನು ಮುಟ್ಟಲೇ ಇಲ್ಲ.

"ನಿಮಗೆ ಹಾಗಾದದ್ದು ಕೇಳಿ ಬೇಜಾರಾಯಿತು," ಎಂದಳು ಇಂಗ್ಲಿಷಿನಲ್ಲಿ. "ಆದರೆ ಮೇಡಂ ನನ್ನ ಜೊತೆ ತುಂಬಾ ಒಳ್ಳೆಯವರು. ನನಗೆ ಏನು ಗೊತ್ತಿಲ್ಲವೋ ಅದನ್ನೆಲ್ಲ ಕೂತು ಹೇಳಿಕೊಡುತ್ತಾರೆ. ಸ್ವಂತ ತಂಗಿಯ ಹಾಗೆ ನೋಡಿಕೊಳ್ಳುತ್ತಾರೆ."

"ಗೊತ್ತು," ಎಂದೆ. "ಊರವರು ನೀರಿನ ಬಗ್ಗೆ ಕೇಳುತ್ತಾರೆ. ಉತ್ತರ ಕೊಡುವುದಕ್ಕೆ ಮೊದಲು, ಬಣ್ಣ ಬಿಟ್ಟು ಪರೀಕ್ಷೆ ಮಾಡಿದ್ದೀರಾ, ಏನು ಬಂತು ಅಂತ ಮೇಡಂ ಅವರನ್ನು ಕೇಳು. ಬೇರೆಯವರ ಎದುರಿಗೆ ಕೇಳು."

ಅವಳು ತಲೆಯಾಡಿಸಿದಳು. ಒಪ್ಪಿ ತಲೆಯಾಡಿಸಿದಳೋ, ಮಾತು ಮುಗಿಸಲೆಂದೋ ತಿಳಿಯಲಿಲ್ಲ. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಪರದೆ ನೋಡಿದ ಕೂಡಲೇ ಅವಳ ಮುಖ ಅರಳಿತು. ಚೀಲ ಎತ್ತಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಸನ್ನೆಯಲ್ಲೇ ಹೇಳಿ, "ಹಾಂ ಮೇಡಂ" ಎಂದು ಮಾತಾಡುತ್ತಾ ಜನರ ನಡುವೆ ಹೋದಳು.